ತಮ್ಮನ ಹೊಲಕ್ಕೆ ಸೋಮವಾರದ ಬಸ್ಸು

ನರ್ಸಮ್ಮನ ಚಪ್ಪಲಿ ಯಾವಾಗಲೂ ಹಿಮ್ಮಡಿಯ ಹೊರಮಗ್ಗುಲಲ್ಲೇ ಸವೆಯುತ್ತಿತ್ತು. ಹೊಸ ಜೋಡಿ ತಂದು ಒಂದು ಹಬ್ಬ ಕಳೆದು ಇನ್ನೊಂದು ಬರುವಷ್ಟರಲ್ಲಿ ಅಲ್ಲಿ ರಬ್ಬರ್ ಹೋಗಿ ಕಾಲು ನೆಲಕ್ಕೆ ತಾಗುತ್ತಿತ್ತು. ನಿಂತರೂ ನೆಟ್ಟಗೆ ನಿಲ್ಲುವವರಲ್ಲ. ಭಾರವೆಲ್ಲ ಒಂದು ಕಾಲಿನ ಮೇಲೆ, ಇನ್ನೊಂದು ಕಾಲು ಆಗಲೇ ಹೊರಟಿರುತ್ತಿತ್ತು. ಕಾಫಿ ಕೊಟ್ಟರೆ ಬಾಗಿಲಲ್ಲೇ ನಿಂತು, ಎತ್ತಿ ಹೊಯ್ದು ಆರಿಸಿ, ಗಟಗಟನೆ ಕುಡಿದು, "ಬತ್ತೀನಿ ಬ್ಯಾಂಕಮ್ಮ" ಅಂದು ಹೋಗಿಬಿಡುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಆ ಹೆಸರು ಅವರೇ ಇಟ್ಟದ್ದು.

ಹೊಳೆನರಸೀಪುರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಕಾಂಪೌಂಡು ಗೋಡೆ. ಸರ್ಕಾರಿ ನರ್ಸಾಗಿ ಸುತ್ತಲಿನ ಹಳ್ಳಿಗಳಲ್ಲಿ ನಡೆದು ನಡೆದು ಮಕ್ಕಳಿಗೆ ಚುಚ್ಚುಮದ್ದು ಹಾಕಿದವರು ಅವರು. ನಿವೃತ್ತಿಯಾದ ಮೇಲೆ ಕಾಲಿಗೆ ಕೆಲಸವಿಲ್ಲದೆ ಚಡಪಡಿಸಿ, ಶಾಲೆಯ ಮೈದಾನದಲ್ಲಿ ಒಂದು ಭಾನುವಾರದ ಸಂತೆ ಶುರು ಮಾಡಿದರು. ಔಷಧಿ ಹೊಡೆಯದೆ ಬೆಳೆದ ಸೊಪ್ಪು, ತರಕಾರಿ, ಕಾಳು. ಬೆಳೆದವರೇ ತಂದು ಮಾರಬೇಕು. ಹಾಸನದಿಂದ, ಚನ್ನರಾಯಪಟ್ಟಣದಿಂದ ಜನ ಕಾರು ಮಾಡಿಕೊಂಡು ಬರುತ್ತಿದ್ದರು. ಅದು ಸಾಲದು ಅಂತ ಮನೆಯ ಜಗಲಿಯಲ್ಲಿ ತರಗತಿ ಬೇರೆ: ಸೀಗೆಪುಡಿ ಮಾಡುವುದು, ಅಡುಗೆಮನೆಯ ಕಸದಲ್ಲಿ ಗೊಬ್ಬರ ಮಾಡುವುದು. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಅವರ ಯಜಮಾನರು ಪೇಪರ್ ಹಿಡಿದು ಬೆಳಗಿನಿಂದ ಸಂಜೆತನಕ ಅಲ್ಲಾಡದೆ ಕೂತಿರುತ್ತಿದ್ದರು. "ನಮ್ಮನೇಲಿ ಕೂರೋ ಕೆಲಸನೆಲ್ಲ ಅವ್ರೇ ವಹಿಸ್ಕಂಡವ್ರೆ" ಎನ್ನುತ್ತಿದ್ದರು ನರ್ಸಮ್ಮ.

ನಾನು ಆಗಷ್ಟೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಯಾಕಾದರೂ ತೆಗೆದುಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. ತಿಂಡಿ ಮುಗಿದರೆ ಸಾಕು, ಇಡೀ ಹಗಲು ಮುಂದೆ ಬಾಯಿ ಬಿಟ್ಟುಕೊಂಡು ನಿಂತಿರುತ್ತಿತ್ತು. ಫ್ರಿಜ್ಜು ತೆಗೆಯುವುದು, ಮುಚ್ಚುವುದು, ಫೋನು ನೋಡುವುದು, ಇಡುವುದು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ದನಿ ಬಂತು. "ಯಾಕಮ್ಮ ಇಂಗೆ ಒಳಕ್ಕೂ ಒರಕ್ಕೂ ತಿರುಗ್ತೀಯ? ತಿರುಗೋದೇ ಆದ್ರೆ ನನ್ ಜೊತೆ ಬಾ." ಅವತ್ತು ಹೋದವಳು ಹೋಗುತ್ತಲೇ ಇದ್ದೇನೆ.

ತಿಂಗಳಿಗೊಂದು ಸಲ ಅವರು ಜನರನ್ನು ಊರ ಹೊರಗೆ ಕರೆದೊಯ್ಯುತ್ತಿದ್ದರು. ನುಗ್ಗೇಹಳ್ಳಿ ಕಡೆಯ ಒಂದು ಕೆರೆಗೆ ಹಕ್ಕಿ ನೋಡಲು ಹೋದದ್ದು ಒಂದೇ ಸಲ. ಎಲ್ಲರೂ ದುರ್ಬೀನು ಹಿಡಿದು ಉಸಿರು ಬಿಗಿಹಿಡಿದಿದ್ದಾಗ ಇವರು ಏರಿಯ ಮೇಲೆ ಅತ್ತಿಂದಿತ್ತ ನಡೆದಾಡಿ ಇದ್ದಬದ್ದ ಹಕ್ಕಿಯನ್ನೆಲ್ಲ ಎಬ್ಬಿಸಿಬಿಟ್ಟರು. ಬೈಸಿಕೊಂಡ ಮೇಲೆ, "ಸುಮ್ಕೆ ಕೂತ್ಕಂಡು ನೋಡೋ ಕೆಲಸ ನಂಗೆ ಆಗಕ್ಕಿಲ್ಲ ಕಣಮ್ಮ, ಬಗ್ಗಿ ಕೀಳೋದಾದ್ರೆ ಯೋಳಿ" ಎಂದರು. ಅಲ್ಲಿಂದಾಚೆಗೆ ಬೆರಕೆ ಸೊಪ್ಪಿನ ನಡಿಗೆ ಮಾತ್ರ. ಹೊಲದ ಸಾಲಿನಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನ್ನೆಗಳನ್ನು ಕಿತ್ತು ಮಡಿಲು ತುಂಬಿಕೊಂಡು ಬಂದು ಮಸ್ಸೊಪ್ಪು ಮಾಡುವುದು.

ಈ ನಡಿಗೆಯೇ ಸಂತೆಯ ಕಟ್ಟಳೆಯೂ ಆಗಿತ್ತು. ಮಾರುವವರು ಸರ್ಟಿಫಿಕೇಟು ತೋರಿಸಬೇಕಿಲ್ಲ, ಹೊಲ ತೋರಿಸಬೇಕು. ಕಳೆಗೆ ಔಷಧಿ ಹೊಡೆದಲ್ಲಿ ಬೆರಕೆ ಸೊಪ್ಪು ಹುಟ್ಟುವುದಿಲ್ಲ. ಹುಟ್ಟದಿದ್ದರೆ ಸಂತೆಯಿಂದ ಹೊರಗೆ. ಎರಡು ಮಳೆಗಾಲ ಪೂರ್ತಿ ಹೊಡೆಯದೆ ಬೇಸಾಯ ಮಾಡಿ ಮತ್ತೆ ಬರಬಹುದು. ಹಾಗೆ ಒಬ್ಬರನ್ನು ನರ್ಸಮ್ಮ ಕಳಿಸಿಯೂ ಇದ್ದರು. ಆತ ಹೋಗುವಾಗ, "ನಿಮ್ ತಮ್ಮನ ಒಲನೂ ಒಂದಿನ ತೋರ್ಸಿ ಮತ್ತೆ" ಎಂದು ಎಲ್ಲರೆದುರು ಹೇಳಿ ಹೋದ. ಅರಕಲಗೂಡು ತಾಲೂಕಿನಿಂದ ಮೆಣಸಿನಕಾಯಿ, ಸೊಪ್ಪು ತಂದು ಮಾರುತ್ತಿದ್ದ ನರ್ಸಮ್ಮನ ತಮ್ಮನ ಹೊಲಕ್ಕೆ ಮಾತ್ರ ನಾವು ಯಾರೂ ಹೋಗಿರಲಿಲ್ಲ.

ಆ ಆಷಾಢದಲ್ಲಿ ಹೋದೆವು. ತಮ್ಮ ನಗುನಗುತ್ತಾ ಬರಮಾಡಿಕೊಂಡರು. ಹೊಲ ಗುಡಿಸಿಟ್ಟ ಅಂಗಳದ ಹಾಗಿತ್ತು, ಮೆಣಸಿನ ಸಾಲುಗಳ ನಡುವೆ ಒಂದು ಹುಲ್ಲುಕಡ್ಡಿ ಇಲ್ಲ. ಹಾಸನದಿಂದ ಬಂದವರು, "ಎಷ್ಟು ನೀಟಾಗಿ ಇಟ್ಟಿದ್ದಾರೆ ನೋಡಿ" ಎಂದು ಫೋಟೋ ತೆಗೆದುಕೊಂಡರು. ನಾನೂ ಹಾಗೇ ಅಂದುಕೊಂಡೆ. ನರ್ಸಮ್ಮ ಮಾತ್ರ ಬದುವಿನ ಉದ್ದಕ್ಕೂ ಸರಸರನೆ ನಡೆದು ಹೋಗಿ, ಬಗ್ಗದೆ, ಖಾಲಿ ಮಡಿಲಲ್ಲಿ ಹಿಂದಿರುಗಿದರು. ಬದುವಿನ ಹುಲ್ಲು ಕಂದಿ ಹಳದಿಯಾಗಿತ್ತು. ತಮ್ಮನ ಹೆಂಡತಿ ನಮಗೆಲ್ಲ ಮುದ್ದೆ, ಉಪ್ಸಾರು ಮಾಡಿಟ್ಟಿದ್ದರು. ನರ್ಸಮ್ಮ ಕೂತು ಪೂರ್ತಿ ಉಂಡರು, ಇನ್ನಷ್ಟು ಸಾರು ಹಾಕಿಸಿಕೊಂಡರು, ಕೈ ತೊಳೆದು ಬಂದು ತಮ್ಮನ ಮುಂದೆ ನಿಂತರು.

"ಬರೋ ಭಾನುವಾರದಿಂದ ಸಂತೆಗೆ ಬರಬ್ಯಾಡ ಕಣಪ್ಪ."

ಜಗಲಿ ತುಂಬಾ ಜನ. ತಮ್ಮನ ಮುಖ ಸುಟ್ಟಂತಾಯಿತು. "ಕಳೆ ಕೀಳಕ್ಕೆ ಒಂದಾಳು ಸಿಕ್ಕಲ್ಲ ಅಕ್ಕ. ಔಷ್ದಿ ಹೊಡೀದೆ ಇನ್ನೇನ್ ಮಾಡ್ಲಿ? ನೀನ್ ಬಂದು ಕೀಳ್ತೀಯಾ?"

"ಬತ್ತೀನಿ. ಇನ್ ಮೇಲೆ ಹೊಡೀಬ್ಯಾಡ."

ತಮ್ಮ ಎದ್ದು ಒಳಗೆ ಹೋದವರು ನಾವು ಹೊರಡುವಾಗಲೂ ಹೊರಗೆ ಬರಲಿಲ್ಲ.

ಸಿಟ್ಟಿನ ಮಾತು, ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ನೋಡಿದರೆ ಈ ಹೆಂಗಸು ಕುಡುಗೋಲು, ಬುತ್ತಿ ಚೀಲಕ್ಕೆ ಹಾಕಿಕೊಂಡು ಅರಕಲಗೂಡು ಬಸ್ಸಿಗೆ ಹೊರಟಿದ್ದಾರೆ. ಆ ವಯಸ್ಸಿನಲ್ಲಿ. ನಾನು ಬೈದುಕೊಂಡೇ ಹಿಂದೆ ಹೋದೆ. ಸೋಮವಾರ ಬಸವನ ವಾರ, ಉಳಲು ಎತ್ತು ಕಟ್ಟುವುದಿಲ್ಲ, ಹಾಗಾಗಿ ತಮ್ಮ ಹೊಲದ ಕಡೆ ಬರುವುದಿಲ್ಲ ಎಂಬ ಲೆಕ್ಕ ಅವರದು. ಮುಖ ನೋಡದೆ ಕೆಲಸ ಮಾಡಿ ಬರಬಹುದಲ್ಲ. ಮಳೆ ಬಿದ್ದು ಕಳೆ ಮತ್ತೆ ತಲೆಯೆತ್ತಿತ್ತು. ನರ್ಸಮ್ಮ ಒಂದು ಸಾಲು ಹಿಡಿದರೆ ಅದರ ತುದಿ ಮುಟ್ಟುವವರೆಗೆ ಸೊಂಟ ಎತ್ತುತ್ತಿರಲಿಲ್ಲ. ನಾನು ಅರ್ಧ ಸಾಲಿಗೇ ಬದುವಿನ ಮೇಲೆ ಕೂತು ಬೆನ್ನು ಹಿಡಿದುಕೊಳ್ಳುತ್ತಿದ್ದೆ. ಮಧ್ಯಾಹ್ನ ತಮ್ಮನ ಹೆಂಡತಿ ಯಾರ ಕೈಯಲ್ಲೋ ಮಜ್ಜಿಗೆ ಕಳಿಸುತ್ತಿದ್ದರು. ತಮ್ಮ ಬರಲಿಲ್ಲ. ಮುಂದಿನ ವಾರವೂ ಇಲ್ಲ, ಅದರ ಮುಂದಿನ ವಾರವೂ ಇಲ್ಲ.

ಗೌರಿ ಹಬ್ಬ ಬಂತು. ಪ್ರತಿವರ್ಷ ತಮ್ಮ ಬಾಗಿನ ತರುತ್ತಿದ್ದ ಹಬ್ಬ. ನರ್ಸಮ್ಮ ಒಬ್ಬಟ್ಟು ಮಾಡಿ, ಬಸ್ಸಿನ ಸದ್ದಾದಾಗಲೆಲ್ಲ ಗೇಟಿಗೆ ಹೋಗಿ ಬರುತ್ತಿದ್ದರು. ಅವತ್ತು ಯಜಮಾನರೂ ಪೇಪರ್ ಮಡಿಸಿಟ್ಟು ಒಂದು ಸಲ ಗೇಟಿನವರೆಗೆ ಹೋಗಿ ನೋಡಿ ಬಂದರು. ಸಂಜೆಗೆ ನರ್ಸಮ್ಮ ಗೋಡೆಯ ಹತ್ತಿರ ಬಂದು ನಿಂತರು, ಎರಡೂ ಕಾಲ ಮೇಲೆ. "ಸಂತೆ ಸಂತೆ ಅಂತ ತವರು ಕಳ್ಕಂಡ್ಬುಟ್ನಾ ಬ್ಯಾಂಕಮ್ಮ?" ಕಟ್ಟಳೆಯೂ ಬೇಡ, ಸಂತೆಯೂ ಬೇಡ, ಹೋಗಿ ತಮ್ಮನನ್ನು ಕರೆದುಬಿಡಿ ಎಂದೆ. "ಅವನೊಬ್ಬನಿಗೆ ಬಿಟ್ರೆ ಆವತ್ತು ಕಳಿಸ್ದೆನಲ್ಲ, ಆ ಮನುಷ್ಯನ್ ಮುಖ ಎಂಗಮ್ಮ ನೋಡ್ಲಿ?" ಎಂದರು. ಸೋಮವಾರ ಮತ್ತೆ ಬಸ್ಸು ಹತ್ತಿದರು.

ಮುಂದಿನ ಮಳೆಗಾಲಕ್ಕೆ ನಮ್ಮ ಜೊತೆ ಸಂತೆಯ ಇನ್ನೂ ಕೆಲವರು ಸೇರಿಕೊಂಡರು. ಒಂದು ಸೋಮವಾರ ನಾವು ಹೋಗುವಷ್ಟರಲ್ಲಿ ತಮ್ಮ ಹೊಲದಲ್ಲಿದ್ದರು, ಆ ತುದಿಯಿಂದ ಕಳೆ ಕೀಳುತ್ತಾ ಬರುತ್ತಿದ್ದರು. ನರ್ಸಮ್ಮ ಈ ತುದಿಯಿಂದ ಶುರು ಮಾಡಿದರು. ಇಬ್ಬರೂ ನಡುವೆ ಎದುರಾದಾಗ, "ನಿನ್ ಕಾಲ್ಗೇನಾಯ್ತಕ್ಕ, ಕುಂಟ್ತಿದ್ದೀಯ?" ಎಂದರು ತಮ್ಮ. "ಚಪ್ಲಿ ಸವ್ದದೆ ಕಣ್ಲಾ" ಎಂದರು ಅಕ್ಕ. ಅಷ್ಟೇ ಮಾತು. ಆ ವರ್ಷ ಗೌರಿಗೆ ಬಾಗಿನ ಬಂತು. ಉಂಡು ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಈಗಾದ್ರೂ ಸಂತೆಗೆ ಬರ್ಲಾ?" ಔಷಧಿ ಹೊಡೆದಿದ್ದ ಹಿಂದಿನ ವರ್ಷ ಲೆಕ್ಕಕ್ಕಿಲ್ಲ. "ಇದು ಒಂದ್ನೇ ಮಳೆಗಾಲ. ಇನ್ನೊಂದ್ ಆಗ್ಲಿ ಕಣಪ್ಪ" ಎಂದರು ನರ್ಸಮ್ಮ, ಬಾಗಿನದ ಮೊರವನ್ನು ಎದೆಗೆ ಅವಚಿಕೊಂಡು. ತಮ್ಮ ತಲೆ ಚಚ್ಚಿಕೊಂಡು ನಕ್ಕರು.

ಇನ್ನೊಂದನ್ನು ಅವರು ನೋಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎದೆನೋವೆಂದು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಕೈಗೆ ಡ್ರಿಪ್ಪು, ಮೂಗಿಗೆ ನಳಿಕೆ. ಹೊದಿಕೆಯ ಕೆಳಗೆ ಪಾದಗಳು ಮಾತ್ರ ಆಡುತ್ತಲೇ ಇದ್ದವು. "ಇವತ್ ಸೋಮಾರ ಅಲ್ವಾ? ಬಸ್ಸು ಓಗ್ಬುಡ್ತದೆ ನೋಡು" ಎಂದರು. ಅವತ್ತು ಗುರುವಾರ. ಹೌದು, ಹೋಗೋಣ ಎಂದೆ. ಸೋಮವಾರದವರೆಗೆ ಅವರು ಉಳಿಯಲಿಲ್ಲ. ಅವರಿಲ್ಲದ ಮನೆಯ ಕಡೆ ನೋಡಲಾರದೆ ಎಷ್ಟೋ ದಿನ ನಾನು ಹಿತ್ತಲ ಬಾಗಿಲಿಂದ ಓಡಾಡಿದೆ. ಕೂರಲು ಆಗದ ನನಗೆ ಹೋಗಲೊಂದು ಜಾಗ ಮಾಡಿಕೊಟ್ಟವರು ಅವರು. ಬೇಸಿಗೆ ಕಳೆದು ಮಳೆ ಬಿದ್ದ ಮೊದಲ ಸೋಮವಾರ, ಅದೇ ಬಸ್ಸು ಹತ್ತಿದೆ.

ಶ್ರಾವಣದಲ್ಲಿ ತಮ್ಮನೇ ಫೋನು ಮಾಡಿದರು. "ಎಲ್ಲರ್ನೂ ಕರ್ಕಂಡ್ ಬಂದು ಒಲ ನೋಡ್ಕಂಡೋಗಿ ಅಮ್ಮ." ಹೋದೆವು. ಸಾಲಿನಲ್ಲಿ ಅಣ್ಣೆ, ಬದುವಿನಲ್ಲಿ ಹೊನಗೊನ್ನೆ. ಎಲ್ಲರ ಮಡಿಲೂ ತುಂಬಿತು. ಈ ಸಲ ಯಾರೂ ನೀಟಾಗಿದೆ ಅನ್ನಲಿಲ್ಲ.

ಮಳೆಗಾಲ ಮುಗಿದ ಮೇಲಿನ ಮೊದಲ ಭಾನುವಾರ ತಮ್ಮ ಸಂತೆಗೆ ಬಂದು ಗೋಣಿಚೀಲ ಹಾಸಿ ಸೊಪ್ಪು ಹರಡಿ ಕೂತರು. ಹೊಸದಾಗಿ ಬಂದಿದ್ದ ಹಾಸನದ ಹೆಂಗಸೊಬ್ಬಳು ಕಟ್ಟು ಎತ್ತಿ ನೋಡಿ, ಔಷಧಿ ಹೊಡೆದಿಲ್ಲ ತಾನೆ ಎಂದು ಕೇಳಿದಳು.

"ನಮ್ಮಕ್ಕ ಕಳೆ ಕಿತ್ತ ಒಲದ್ದು ಕಣವ್ವ."

"ಹೌದಾ? ಎಲ್ಲಿ, ನಿಮ್ಮಕ್ಕ ಬಂದಿಲ್ವಾ?"

ತಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾ ತಲೆಯೆತ್ತದೆ ಹೇಳಿದರು. "ಇಲ್ಲೇ ಎಲ್ಲೋ ತಿರುಗ್ತಾ ಇರ್ತಾಳೆ. ಒಂದ್ ಕಡೆ ಕೂರೋಳಲ್ಲ ಅವ್ಳು."