ಭಾಸ್ಕರ ಅಂಕಲ್ ಮೂಗು

ಭಾಸ್ಕರ ಅಂಕಲ್ ನಮ್ಮ ಮನೆಗೆ ಬಂದರೆ ಅವರಿಗಿಂತ ಮೊದಲು ಅವರ ಮೂಗು ಒಳಗೆ ಬರುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಎರಡು ಸಲ ಗಾಳಿ ಎಳೆದು, ಎರಡು ಬೆರಳಲ್ಲಿ ಮೂಗು ಹಿಡಿದು, "ನಿನ್ನೆ ಬಂಗುಡೆ ಮೀನು ಕಾಯಿಸಿದ್ದಾ?" ಎಂದು ಕೇಳುತ್ತಿದ್ದರು. ಕಾಯಿಸಿರುತ್ತಿದ್ದೆವು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗಲ್ಫಿನ ಮನಾಮಾ ಪಟ್ಟಣದಲ್ಲಿ, ಮಾಹೂಝ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ನಮ್ಮ ತಲೆಯ ಮೇಲಿನ ಫ್ಲ್ಯಾಟು ಅವರದು. ಊರಿನ ಹಳೇ ಪೇಟೆಯಾದ ಸೂಕ್‌ನಲ್ಲಿ ಅತ್ತರು ಮತ್ತು ಊದ್ ಎಂಬ ಸುಗಂಧದ ಕಟ್ಟಿಗೆ ಮಾರುವ ಅಂಗಡಿಗೆ ಅವರೇ ಮ್ಯಾನೇಜರ್. ಅಂಗಡಿಯ ಅರಬಾಬ್, ವಯಸ್ಸಾದ ಯಜಮಾನ, ಇವರ ಮೂಗಿನ ಕೆಳಗೆ ಹಿಡಿಯದೆ ಒಂದು ಚೂರು ಊದ್ ಕೂಡ ಕೊಳ್ಳುತ್ತಿರಲಿಲ್ಲವಂತೆ. ವೀಸಾ, ಫ್ಲ್ಯಾಟು, ಮಂಗಳೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಗಳು, ಎಲ್ಲವೂ ಆ ಮೂಗಿನ ಮೇಲೆಯೇ ನಿಂತಿತ್ತು. ಅದು ಸರಿ. ಆದರೆ ಅಂಗಡಿಯಲ್ಲಿ ಮೂಸಿದ್ದು ಸಾಲದೆ ಊರವರ ಮನೆ ಮೂಸುವ ಕೆಲಸ ಅವರಿಗೆ ಯಾರು ಕೊಟ್ಟಿದ್ದರೋ ಗೊತ್ತಿಲ್ಲ.

ಕೈ ಒರೆಸಲು ಟವೆಲ್ ಕೊಟ್ಟರೆ ಮೊದಲು ಮೂಸುವರು. ಚಹಾ ಕೊಟ್ಟರೆ ಹಾಲು ಯಾವಾಗಿನದು ಎನ್ನುವರು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಲಿಫ್ಟ್‌ನಲ್ಲಿ, ಪರಿಚಯವಿಲ್ಲದ ನಾಲ್ಕು ಜನರ ಎದುರಿಗೆ, ನನ್ನ ಜಡೆಯತ್ತ ಬಗ್ಗಿ, "ತಲೆಗೆ ಸ್ನಾನ ಮಾಡದೆ ಸುಮಾರು ದಿನ ಆಯ್ತಲ್ವಾ ಮಗಾ?" ಎಂದಿದ್ದರು. ಅಂದಿನಿಂದ ಅವರಿದ್ದ ಲಿಫ್ಟ್ ನಾನು ಹತ್ತಲಿಲ್ಲ.

ಅಮ್ಮನ ಸಿಟ್ಟು ನನ್ನದಕ್ಕಿಂತ ದೊಡ್ಡದು. ನಮ್ಮಲ್ಲಿ ಸತ್ಯನಾರಾಯಣ ಪೂಜೆಯ ದಿನ, ಜುಫೈರ್‌ನಿಂದ ಬಂದ ಅಪ್ಪನ ಆಫೀಸಿನವರೆಲ್ಲ ಊಟಕ್ಕೆ ಕುಳಿತಿದ್ದಾಗ, ಈ ಮನುಷ್ಯ ತಾನೇ ಎದ್ದು ಹೋಗಿ ಹೆಸರುಬೇಳೆ ಪಾಯಸದ ಮುಚ್ಚಳ ತೆಗೆದು ಮೂಸಿದರು. "ಅಡಿ ಹಿಡಿದುಂಟು," ಎಂದು ಘೋಷಿಸಿದರು. ಹಿಡಿದಿತ್ತು, ಆದರೆ ಅಮ್ಮ ಏಲಕ್ಕಿ ಜಾಸ್ತಿ ಹಾಕಿ ಯಾರಿಗೂ ತಿಳಿಯದಂತೆ ಮಾಡಿದ್ದಳು. ಅಮ್ಮನ ಮುಖ ಕಪ್ಪಿಟ್ಟಿತು. ಅಂಕಲ್ ಮಾತ್ರ ಅದೇ ಪಾಯಸವನ್ನು ಮೂರು ಸಲ ಹಾಕಿಸಿಕೊಂಡು ಸೊರ್ರೆಂದು ಸುರಿದು, ತೇಗಿ, "ಬಾಯಿ ಸುಳ್ಳು ಹೇಳ್ತದೆ ಅಕ್ಕಾ, ಮೂಗು ಹೇಳುದಿಲ್ಲ," ಎಂದರು. ಇದು ಅವರ ವೇದವಾಕ್ಯ.

ಇಂಥವರನ್ನು ವಿಯೆನ್ನಾ ಸುತ್ತಿಸುವ ಭಾಗ್ಯ ನನಗೇ ಬಂತು. ನಾನಲ್ಲಿ ಓದುತ್ತಿದ್ದೆ. ಅಂಕಲ್, ಅವರ ಹೆಂಡತಿ ವಸಂತಿ ಆಂಟಿ ಇಬ್ಬರೂ ಟೂರ್ ಗುಂಪಿನ ಜೊತೆ ಬಂದಿದ್ದರು. ಒಂದು ದಿನ ಬಿಡುವಿತ್ತು. "ಆಂಟಿಯ ಮುಖ ನೋಡಿಯಾದರೂ ಕರ್ಕೊಂಡು ಹೋಗು," ಎಂದು ಅಮ್ಮ ಫೋನಿನಲ್ಲಿ ಬೇಡಿಕೊಂಡಳು.

ಬೆಳಗ್ಗೆಯಿಂದಲೇ ಶುರುವಾಯಿತು. ಮೆಟ್ರೋದಲ್ಲಿ ಮೂಗು ಹಿಡಿದರು, "ಇವರು ಸ್ನಾನ ಮಾಡುದಿಲ್ವಾ?" ದೊಡ್ಡ ಚರ್ಚಿನ ಒಳಗೆ ಹಿಡಿದರು, "ಬೂಸ್ಟು ವಾಸನೆ." ಅರಮನೆಯ ಮುಂದೆ ಕುದುರೆಗಾಡಿಗಳು ಸಾಲಾಗಿ ನಿಂತಿದ್ದವು. ವಸಂತಿ ಆಂಟಿ ಮಗುವಿನ ಹಾಗೆ ಅಲ್ಲೇ ನಿಂತುಬಿಟ್ಟರು. ಹತ್ತೋಣವಾ ಎಂದು ನಾನು ಕೇಳುವಷ್ಟರಲ್ಲಿ ಅಂಕಲ್ ಮೂಗು ಹಿಡಿದು, "ಛೀ, ಲದ್ದಿ ನಾತ. ಇದರಲ್ಲಿ ಕೂತ್ರೆ ಉಂಡದ್ದು ಹೊರಗೆ ಬರ್ತದೆ," ಎಂದು ಮುಂದೆ ನಡೆದರು. ಅಷ್ಟು ದೂರ ಬಂದು ಹೆಂಡತಿಯ ಒಂದು ಆಸೆಯನ್ನೂ ಮೂಗಿನಲ್ಲೇ ಕೊಂದ ಆ ಮನುಷ್ಯನನ್ನು ಕಂಡು ನನಗೆ ಅಸಹ್ಯವಾಯಿತು.

ಮಧ್ಯಾಹ್ನ ಸಂತೆಗೆ ಹೋದೆವು. ಗುಲಾಬಿ ರಾಶಿ ಹಾಕಿದ್ದ ಹೂವಿನ ಅಂಗಡಿಯ ಎದುರು ನಾನು, ಆಂಟಿ ನಿಂತರೆ, ಅತ್ತರಿನ ಮನುಷ್ಯ ಕತ್ತು ಕೂಡ ತಿರುಗಿಸದೆ ಹೋದರು. ಅದು ಆಗ ನನ್ನ ತಲೆಗೆ ಹೋಗಲಿಲ್ಲ. ಆಂಟಿ ಇನ್ನೂ ಹೂವು ನೋಡುತ್ತಿದ್ದಾಗ ಮುಂದಿನ ಚೀಸ್ ಅಂಗಡಿಯವಳು ಅಂಕಲ್ ಕೈಗೆ ಒಂದು ತುಂಡು ಕೊಟ್ಟಳು. ವಾರದಿಂದ ಒಗೆಯದ ಕಾಲುಚೀಲದಂಥ ನಾತ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಂಕಲ್ ಅದನ್ನು ಮೂಗಿನ ಹತ್ತಿರ ಹಿಡಿದು, ನಿಧಾನ ಎಳೆದು, ಬಾಯಿಗೆ ಹಾಕಿ, "ಇದು ಅಡ್ಡಿ ಇಲ್ಲ. ವಾಸನೆ ಎಂತ ಇಲ್ಲ," ಎಂದರು.

ಹಿಂದಿನಿಂದ ಓಡಿ ಬಂದ ಆಂಟಿ ಶಾಲಿನ ತುದಿಯನ್ನು ಮೂಗಿಗೆ ತಂದರು. ಅದನ್ನು ಕಂಡದ್ದೇ ತಡ, ಅಂಕಲ್ ಮೂಗು ಹಿಡಿದು, "ಛೀ," ಎಂದರು. ತುಂಡು ಆಗಲೇ ಗಂಟಲಿನಿಂದ ಕೆಳಗೆ ಇಳಿದಿತ್ತು.

ಅವರು ಶೌಚಾಲಯ ಹುಡುಕಿಕೊಂಡು ಹೋದಾಗ ಆಂಟಿ ಬೆಂಚಿನ ಮೇಲೆ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಹೋದ ವರ್ಷ ಜ್ವರ ಬಂತಲ್ಲ, ಅದರ ನಂತರ ಅವರಿಗೆ ಎಂತ ಸಹ ವಾಸನೆ ಬರುದಿಲ್ಲ ಮಗಾ. ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಹೇಳುದು. ಹೊರಗೆ ನಾತ ಇದ್ರೆ ನಾನು ಮೂಗಿಗೆ ಶಾಲು ಎತ್ತುದು, ಅದನ್ನು ನೋಡಿ ಅವರು ಮೂಗು ಹಿಡಿಯುದು. ಅರಬಾಬಿಗೆ ಗೊತ್ತಾದ್ರೆ ವೀಸಾ ಕ್ಯಾನ್ಸಲ್, ಮಗಳ ಓದು ಅರ್ಧಕ್ಕೆ ನಿಲ್ತದೆ. ನೀನು ಅಮ್ಮನ ಹತ್ರ ಸಹ ಹೇಳ್ಬೇಡ, ಆಯ್ತಾ?"

ಹಾಗಾದರೆ ಕುದುರೆಗಾಡಿಯ ಹತ್ತಿರ ಛೀ ಎಂದದ್ದು ಹೇಗೆ ಎಂದು ಕೇಳಿದೆ.

"ಶಾಲು ಎತ್ತಿದ್ದು ನಾನೇ," ಎಂದರು ಆಂಟಿ. "ಎತ್ತದಿದ್ರೆ ಅವರು ಸುಮ್ಮನೆ ಹತ್ತಿ ಕೂರ್ತಿದ್ರು. ಲದ್ದಿ ಹತ್ರ ನಿಂತು ಭಾಸ್ಕರ ಅಂಕಲ್ ಮೂಗು ಹಿಡೀಲಿಲ್ಲ ಅಂದ್ರೆ ನಿನಗೆ ಸಂಶಯ ಬರ್ತಿರ್ಲಿಲ್ವಾ?"

ಇದನ್ನು ಕೇಳಿ ನನ್ನ ಅಸಹ್ಯ ಕರಗಿತು ಎಂದರೆ ಸುಳ್ಳಾದೀತು. ಇನ್ನೂ ಹೆಚ್ಚಾಯಿತು. ಮೂಗು ಸತ್ತ ಮೇಲೂ ಊರಿಗೆಲ್ಲ ಛೀ ಎನ್ನುವ ಗಂಡ, ತನ್ನ ಆಸೆಯ ಮೇಲೆ ತಾನೇ ಶಾಲು ಎಳೆದುಕೊಳ್ಳುವ ಹೆಂಡತಿ. ಸಂಜೆ ಅವರನ್ನು ಹೋಟೆಲಿಗೆ ಬಿಟ್ಟು ಹಿಂದಿರುಗುವಾಗ ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದೆ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ. ಅಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ.

ಮಗಳು ಡಾಕ್ಟರಾಗುವವರೆಗೂ ಗುಟ್ಟು ಹೊರಬೀಳಲಿಲ್ಲ. ಆಮೇಲೆ ಅರಬಾಬ್ ಹಾಸಿಗೆ ಹಿಡಿದ, ಅವನ ಮಗ ಅಂಗಡಿ ವಹಿಸಿಕೊಂಡು ಚೀಟಿ ಅಂಟಿಸಿದ ಪರದೇಶದ ಬಾಟಲಿಗಳನ್ನು ತಂದಿಟ್ಟ. ಅಲ್ಲಿ ಯಾರ ಮೂಗೂ ಬೇಕಿರಲಿಲ್ಲ. ವಸಂತಿ ಆಂಟಿ ಮನೆ ಸರಿಮಾಡಲು ಮೊದಲೇ ಉಡುಪಿಗೆ ಹೋದರು. ಅಂಕಲ್ ಹೊರಡುವ ಹಿಂದಿನ ದಿನ, ರಜೆಗೆ ಬಂದ ನಾನೂ ಮನೆಯಲ್ಲಿದ್ದೆ. ಅಮ್ಮ ಹಲ್ಲು ಕಚ್ಚಿಕೊಂಡು ಊಟಕ್ಕೆ ಕರೆದಿದ್ದಳು, ಕಟ್ಟಡದ ಎರಡು ಮೂರು ಮನೆಯವರೂ ಬಂದಿದ್ದರು. ಅಂಕಲ್ ಟವೆಲ್ ಮೂಸಿದರು. ಸೀದಾ ಅಡುಗೆಮನೆಗೆ ಹೋಗಿ ಹೆಸರುಬೇಳೆ ಪಾಯಸದ ಮುಚ್ಚಳ ತೆಗೆದರು.

ಎಲ್ಲರೂ ಅವರನ್ನೇ ನೋಡಿದರು. ಅಂಕಲ್ ಬಗ್ಗಿ ಉಸಿರೆಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ತಲೆ ಎತ್ತಿ, ಆಂಟಿ ಯಾವಾಗಲೂ ನಿಲ್ಲುವ ಎಡಗಡೆಗೆ ನೋಡಿದರು. ಅಲ್ಲಿ ಆಂಟಿ ಇರಲಿಲ್ಲ. ನಾನಿದ್ದೆ. ಆ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಅಮ್ಮ ಒಲೆಯ ಪಕ್ಕ ಸೌಟು ಹಿಡಿದು ನಿಂತಿದ್ದಳು. ಪಾಯಸ ಅಡಿ ಹಿಡಿದದ್ದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ದುಪಟ್ಟಾದ ತುದಿಯನ್ನು ಮೂಗಿಗೆ ತಂದೆ.

"ಅಡಿ ಹಿಡಿದುಂಟು," ಎಂದರು ಭಾಸ್ಕರ ಅಂಕಲ್.

ಎಲ್ಲರೂ ನಕ್ಕರು. ಅವರು ಮೂರು ಸಲ ಹಾಕಿಸಿಕೊಂಡು ಸುರಿದು, ತೇಗಿ, ಹೋದರು. ಅಮ್ಮ ಪಾತ್ರೆಯನ್ನು ಸಿಂಕಿಗೆ ಕುಕ್ಕಿ, "ಹೋಗುವಾಗ ಸಹ ಬಿಡ್ಲಿಲ್ಲ ನೋಡು, ಹೇಸಿಗೆ ಮನುಷ್ಯ," ಎಂದಳು. ಸ್ವಲ್ಪ ಹೊತ್ತು ತಳ ಉಜ್ಜಿದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, "ಆದ್ರೂ ಆ ಮೂಗಿಗೆ ಮಾತ್ರ ಮೋಸ ಮಾಡ್ಲಿಕ್ಕೆ ಆಗುದಿಲ್ಲ," ಎಂದಳು.