‘ಗೊತ್ತಿಲ್ಲ’ ಎನ್ನುವ ಚೀಟಿ

ಅತ್ತೆಯ ಮಾತ್ರೆ ಡಬ್ಬಿಯನ್ನು ಒರೆಸುತ್ತಿರುವ ಸೊಸೆಯ ಕೈ ಬುಧವಾರದ ಖಾನೆಯ ಮೇಲೆ ನಿಲ್ಲುತ್ತದೆ. ಖಾಲಿ. ಹೊರಗೆ ಇನ್ನೂ ಬೀದಿದೀಪ ಆರಿಲ್ಲ.

“ಅತ್ತೆ, ನಿನ್ನೇದು ನುಂಗಿದ್ರಾ?”

“ಖಾಲಿ ಇದ್ಯಲ್ಲ, ನುಂಗಿರ್ತೀನಿ ಬಿಡು.”

“ನಾನೇ ತುಂಬೋದು ಮರೆತಿದ್ರೆ?”

“ನನ್ನೇನ್ ಕೇಳ್ತೀಯ? ಲೋಕದ ಕಂಪ್ಯೂಟರಿಗೆಲ್ಲ ಬುದ್ಧಿ ಹೇಳೋಳು ನೀನು!”

ಸೊಸೆಗೆ ನಗು ಬರುವುದಿಲ್ಲ. ಎದ್ದು ಕಿಟಕಿಯವರೆಗೆ ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ.

ಕಚೇರಿಯಲ್ಲಿ ಇವರು ಎಲ್ಲರಿಗೂ ಚೀಟಿಯಕ್ಕ. ಟೈಪಿಸ್ಟಾಗಿ ಸೇರಿದವರು. ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದರ ಯಂತ್ರ ಅಂತರ್ಜಾಲದಲ್ಲಿ ತರಿಸಿಕೊಂಡು, ಓದಿ ಅರ್ಥ ಮಾಡಿಕೊಳ್ಳುವಂತೆ ನಿಯಮ ಬರೆಯುವುದು ಹತ್ತೊಂಬತ್ತು ವರ್ಷಗಳ ಕೆಲಸ.

ಹೊಸದಾಗಿ ಸೇರಿದವರಿಗೆ ಅವರು ಹೇಳುವುದು ಹೀಗೆ: “ನಿಮಗೆ ‘ಜ್ವರ ನೂರೆರಡು’ ಅಂದ್ರೆ ಸಾಕು. ಯಂತ್ರಕ್ಕೆ ಯಾರದು, ಯಾವ ಅಳತೆ, ಯಾವತ್ತಿಂದು ಅಂತ ಒಂದೊಂದಕ್ಕೂ ಚೀಟಿ ಹಚ್ಚಬೇಕು. ಇಲ್ದಿದ್ರೆ ಅದಕ್ಕೆ ಜ್ವರಾನೂ ಒಂದೇ, ಮನೆ ನಂಬರೂ ಒಂದೇ!”

ದಿನಕ್ಕೆ ಅರವತ್ತು ಪತ್ರ. ನಿಯಮಗಳಿಗೆ ಒಪ್ಪಿಗೆ ಕೊಡುವ ಮೂವತ್ತು ಜನರ ಸಮಿತಿಯಲ್ಲಿ ಒಂದು ಪದಕ್ಕಾಗಿ ನಾಲ್ಕು ತಿಂಗಳ ಜಗ್ಗಾಟ. ಇವರು ಬರೆದ ನಿಯಮವನ್ನು ಇಂದು ಇನ್ನೂರ ಹನ್ನೆರಡು ಆಸ್ಪತ್ರೆಗಳು ಪಾಲಿಸುತ್ತಿವೆ. ಕಂಟಕವಾಗಿರುವುದೂ ಅದೇ.

ಮೊದಲ ವರ್ಷ ಕೆಲಸ ಹಗುರಾಗಲೆಂದು ಒಂದು ಸಾಲು ಸೇರಿಸಿದ್ದರು: ದಾಖಲೆಯಲ್ಲಿ ಜಾಗ ಖಾಲಿಯಿದ್ದರೆ ‘ಇಲ್ಲ’ ಎಂದು ತಿಳಿಯುವುದು. ಎಂಟು ತಿಂಗಳ ಹಿಂದೆ ಒಬ್ಬ ರೋಗಿ ಆಸ್ಪತ್ರೆ ಬದಲಿಸಿದರು. ಮೈಗೆ ಒಗ್ಗದ ಔಷಧ ಯಾವುದೆಂದು ಹಿಂದಿನ ಆಸ್ಪತ್ರೆಯವರು ಕೇಳಿಯೇ ಇರಲಿಲ್ಲ. ಆ ಜಾಗ ಖಾಲಿ. ಹೊಸ ಆಸ್ಪತ್ರೆಯ ಯಂತ್ರ ‘ಯಾವುದೂ ಇಲ್ಲ’ ಎಂದಿತು. ಸೂಜಿ ಹಿಡಿದ ನರ್ಸಮ್ಮ ಒಗ್ಗದ ಔಷಧ ಏನಾದರೂ ಇದೆಯೇ ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದ್ದರಿಂದ ಜೀವ ಉಳಿಯಿತು.

“ಪ್ರತಿ ಸಲಾನೂ ಬಾಯಿ ಬಿಟ್ಟು ಕೇಳೋರು ಇರ್ತಾರಾ?” ಎಂದು ಚೀಟಿಯಕ್ಕ ತಮ್ಮನ್ನೇ ಕೇಳಿಕೊಂಡರು.

ಅಂದೇ ಕಂಪ್ಯೂಟರಿನಲ್ಲಿ ಸಮಿತಿಗೆ ಕಾಗದ ಬರೆದರು: ಖಾಲಿ ಬಿಡುವಂತಿಲ್ಲ, ‘ಇದೆ’, ‘ಇಲ್ಲ’, ‘ಗೊತ್ತಿಲ್ಲ’, ಮೂರರಲ್ಲಿ ಒಂದು ಚೀಟಿ ಹಚ್ಚಲೇಬೇಕು. ತಪ್ಪು ನನ್ನದು. ಕಾಗದವನ್ನು ಮಾತ್ರ ಕಳುಹಿಸಲಾಗಲಿಲ್ಲ. ಇನ್ನೂರ ಹನ್ನೆರಡು ಕಡೆ ಹಳೆಯ ದಾಖಲೆಯನ್ನೆಲ್ಲ ಮತ್ತೆ ತಿದ್ದಬೇಕು. ತಮ್ಮನ್ನು ಸಮಿತಿಯಲ್ಲಿ ಉಳಿಸಿಕೊಳ್ಳುತ್ತಾರೋ ಇಲ್ಲವೋ. ದಿನವೂ ತೆರೆಯುವುದು, ಒಂದು ಪದ ತಿದ್ದುವುದು, ಮುಚ್ಚುವುದು.

ಇಂದು ಮಾತ್ರೆ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡೇ ಆ ಕಾಗದವನ್ನು ತೆರೆಯುತ್ತಾರೆ. ಈ ಸಲ ಒಂದು ಪದವನ್ನೂ ಮುಟ್ಟುವುದಿಲ್ಲ. ಕಳುಹಿಸುವ ಗುಂಡಿ ಒತ್ತುತ್ತಾರೆ.

“ಕೊನೆಗೂ ಕಳಿಸ್ದ್ಯಾ? ಸಮಿತಿಯವ್ರು ಬೈತಾರೇನೇ?” ಎಂದು ಅತ್ತೆ ಬಾಗಿಲಿಗೆ ಬರುತ್ತಾರೆ.

“ಗೊತ್ತಿಲ್ಲ ಅತ್ತೆ.”