ಟೀವಿಯಲ್ಲಿ ವಾಸಿಯಾದ ಮಂಡಿ

ಯಾರಾದರೂ "ಹೇಗಿದ್ದೀರಿ?" ಎಂದು ಕೇಳಿದರೆ ನನ್ನ ಬಾಯಿ ನನ್ನನ್ನು ಕೇಳದೆಯೇ "ಚೆನ್ನಾಗಿದ್ದೀನಿ" ಎಂದುಬಿಡುತ್ತದೆ. ಒಮ್ಮೆ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಮಂಡ್ಯದ ದಂತವೈದ್ಯರ ಬಾಗಿಲಲ್ಲಿ ಕೂತಿದ್ದಾಗ ಪರಿಚಯದ ಮೇಷ್ಟ್ರೊಬ್ಬರು ಕೇಳಿದರು. ಆಗಲೂ ಊದಿದ ಕೆನ್ನೆಯ ಸಂದಿಯಿಂದ ಅದೇ ಉತ್ತರ ಕೊಟ್ಟೆ. ಅವರೂ ತಮ್ಮ ದವಡೆ ಹಿಡಿದುಕೊಂಡು "ನಾವೂ ಆರಾಮ" ಎಂದರು. ಅಷ್ಟು ಆರಾಮಾಗಿದ್ದ ನಾವಿಬ್ಬರೂ ಅಲ್ಲಿ ಯಾಕೆ ಕೂತಿದ್ದೆವು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವಲ್ಲ, ಹಾಗೆಯೇ ಕೇಳಿದವರಿಗೆ ಈ ಉತ್ತರ ಕೊಡುವುದು ನಮ್ಮ ಕಡೆಯ ರೂಢಿ.

ಈ ರೂಢಿಯ ಮಾತನ್ನೇ ಕತ್ತರಿಸಿಕೊಂಡು ಹೋಗಿ ಬಾಟಲಿಗೆ ಅಂಟಿಸಿ ಮಾರಬಹುದು ಎಂದು ನನಗೆ ಗೊತ್ತಾದದ್ದು, ಮದ್ದೂರಿನ ಹತ್ತಿರದ ಕೊಪ್ಪದಲ್ಲಿರುವ ನಮ್ಮ ಸೋದರತ್ತೆ ಜಯಮ್ಮ ಟೀವಿಯಲ್ಲಿ ಬಂದ ಮೇಲೆ.

ಟೀವಿಯಲ್ಲೇ ಸಾಮಾನು ತೋರಿಸಿ ಮಾರುವ ಅಂಗಡಿಗಳಿಗೂ ನನಗೂ ನಂಟು ಹಳೆಯದು. ನಾನು ಮಂಡ್ಯದಿಂದ ದಿನಾ ಬಸ್ಸು ಹಿಡಿದು ಮಳವಳ್ಳಿಯ ಹೈಸ್ಕೂಲೊಂದಕ್ಕೆ ಹೋಗಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮಕ್ಕಳಿಗೆ ಗ್ರಾಹಕರ ಹಕ್ಕುಗಳು ಎಂಬ ಪಾಠ ಮಾಡುತ್ತೇನೆ. ಮನೆಗೆ ಬಂದು ಕಾಲು ಚಾಚಿ ಕೂತು, ತರಕಾರಿಯನ್ನು ಹೂವಿನಾಕಾರಕ್ಕೆ ಹೆಚ್ಚುವ ಯಂತ್ರ ತರಿಸಿಕೊಳ್ಳುತ್ತೇನೆ. ಅದು ಸೌತೆಕಾಯಿಯ ಮುಂದೆ ಸೋತು, ಹೊಟ್ಟೆ ಕರಗಿಸುವ ನಡುಕದ ಬೆಲ್ಟಿನ ಪಕ್ಕದಲ್ಲಿ, ನಮ್ಮ ಅಟ್ಟದ ಮೇಲೆ ವಿಶ್ರಾಂತಿ ಪಡೆಯುತ್ತಿದೆ. ನಮ್ಮ ಯಜಮಾನರು ಒಂದು ದಿನ ಅಟ್ಟವನ್ನು ನೋಡಿ, "ಇದು ಮುರ್ಕಂಡು ಬಿದ್ರೆ ಎತ್ತಿ ನಿಲ್ಸೋ ಮಿಸೀನೂ ಅದ್ರಲ್ಲೇ ಬತ್ತದೆ ಬುಡು" ಎಂದರು.

ಆ ಟೀವಿ ಅಂಗಡಿಗಳ ಲೋಕವೇ ಬೇರೆ. ಮೂಲೆಯಲ್ಲಿ ಗಡಿಯಾರವೊಂದು ಹಿಂದಕ್ಕೆ ಓಡುತ್ತಿರುತ್ತದೆ, ಸೊನ್ನೆ ಮುಟ್ಟಿದರೆ ಪ್ರಳಯ ಎನ್ನುವ ಹಾಗೆ. ಮುಟ್ಟುತ್ತದೆ, ಏನೂ ಆಗುವುದಿಲ್ಲ, ಮತ್ತೆ ಮೊದಲಿನಿಂದ ಓಡುತ್ತದೆ. ಅಲ್ಲಿ ನೋವೆಲ್ಲ ಕಪ್ಪು ಬಿಳುಪು, ಸುಖವೆಲ್ಲ ಬಣ್ಣ. ಎಣ್ಣೆ ಹಚ್ಚುವ ಮುನ್ನ ಹೆಂಗಸಿಗೆ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ, ಹಚ್ಚಿದ ಮೇಲೆ ಮಂಡಿಯ ಜೊತೆಗೆ ಸೀರೆಯೂ ಸರಿಹೋಗಿರುತ್ತದೆ. ಆದರೆ ಒಂದು ತೊಡಕಿತ್ತು. ಹೊಗಳುವ ಹೆಂಗಸರೆಲ್ಲ ಬೇರೆ ಸೀಮೆಯವರು, ಬಾಯಿ ಮುಚ್ಚಿದ ಮೇಲೂ ಅವರ ಕನ್ನಡ ಮುಂದುವರಿಯುತ್ತಿತ್ತು. ನಮ್ಮ ಜನ ನಗುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ. ಮಾರುವವರಿಗೂ ಅದು ತಿಳಿದಿರಬೇಕು. ಅವರಿಗೆ ಬಾಯಿಗೂ ಮಾತಿಗೂ ಹೊಂದುವ ಒಬ್ಬ ಸಾಕ್ಷಿ ಬೇಕಾಗಿತ್ತು.

ಸಾಕ್ಷಿ ಎಂದರೆ ಸಣ್ಣ ವಿಷಯವಲ್ಲ. ನಮ್ಮ ಹಳೆಯ ದಾನಶಾಸನಗಳನ್ನು ನೋಡಿ. ಗದ್ದೆಯ ಒಂದು ತುಂಡನ್ನು ಬಿಟ್ಟುಕೊಟ್ಟರೂ ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುತ್ತಿದ್ದರು, ಜೊತೆಗೆ ಊರಿನ ಗೌಡರನ್ನೂ ನಿಲ್ಲಿಸುತ್ತಿದ್ದರು. ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಕೊನೆಯಲ್ಲಿ ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ಟೀವಿಯವರೂ ಕೊನೆಯಲ್ಲಿ ಒಂದು ಸಾಲು ಬರೆಸುತ್ತಾರೆ, ಫಲಿತಾಂಶ ಒಬ್ಬರಿಂದೊಬ್ಬರಿಗೆ ಬೇರೆಯಾಗಬಹುದು ಎಂದು. ಅದು ಇರುವೆಯ ಗಾತ್ರದ ಅಕ್ಷರದಲ್ಲಿ ಬಂದು, ಕನ್ನಡಕ ಹುಡುಕುವಷ್ಟರಲ್ಲಿ ಹೋಗಿರುತ್ತದೆ. ಪಾಪ ಯಾರಿಗೆ ಎಂದು ಅದರಲ್ಲಿ ಬರೆದಿರುವುದಿಲ್ಲ.

ಅತ್ತೆಯ ಮನೆಗೆ ಕಾರಿನಲ್ಲಿ ಬಂದವರು, ಹಳ್ಳಿಯ ತಾಯಂದಿರ ಬದುಕಿನ ಬಗ್ಗೆ ಕಾರ್ಯಕ್ರಮ ಮಾಡುತ್ತಿದ್ದೇವೆ ಎಂದರಂತೆ. ಮದ್ದೂರಿನ ಯಾರೋ ಮನೆ ತೋರಿಸಿದ್ದರು. ಅವರಲ್ಲಿ ನಯವಾಗಿ ಮಾತಾಡುವ ದಪ್ಪ ಮೀಸೆಯ ಆಸಾಮಿಯೊಬ್ಬ ಇದ್ದ. ಬಂದವನೇ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ. ಅತ್ತೆಗೆ ಅಷ್ಟು ಸಾಕು. ಮುದ್ದೆ, ಉಪ್ಸಾರು ಮಾಡಿ ಬಡಿಸಿದಳು. ಕೂತೇಳುವಾಗ ಅವಳು ಮಂಡಿ ಹಿಡಿದು "ಅಯ್ಯಪ್ಪಾ" ಎನ್ನುವುದನ್ನು ಕ್ಯಾಮೆರಾ ತೆಗೆದುಕೊಂಡಿತು. ಅದರಲ್ಲಿ ನಟನೆ ಏನೂ ಇರಲಿಲ್ಲ, ಹಲವು ವರ್ಷದ ನೋವು ಅದು. ಊಟವಾದ ಮೇಲೆ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಬೇವಿನ ಮರದಿಂದ ಬಾಗಿಲ ತನಕ ಬಿರಬಿರನೆ ನಡೆದು ಬರಲು ಹೇಳಿದರು. ಮನೆಯಲ್ಲಿ ಉಂಡವರು ಇಷ್ಟು ಪ್ರೀತಿಯಿಂದ ಕೇಳುವಾಗ ಆಗುವುದಿಲ್ಲ ಎನ್ನಲು ಅವಳಿಗೆ ನಾಲಿಗೆ ಬರಲಿಲ್ಲ. ಹಲ್ಲು ಕಚ್ಚಿಕೊಂಡು ನಡೆದಳು. ಬಾಗಿಲಲ್ಲಿ ಆಸಾಮಿ ಕೇಳಿದ: "ಅಮ್ಮಾ, ಈಗ ಹೇಗಿದ್ದೀರಿ? ಮಂಡಿ ಹೇಗಿದೆ?"

"ಈಗ ವಾಸಿ ಕಣಪ್ಪ. ದೇವ್ರು ಚೆನ್ನಾಗಿ ಮಡಗವ್ನೆ" ಎಂದಳು ಅತ್ತೆ.

ಅಷ್ಟೇ ಅವಳು ಹೇಳಿದ್ದು. ಹೊರಡುವಾಗ ಅವಳ ಕೈಯಲ್ಲೊಂದು ಎಣ್ಣೆಯ ಬಾಟಲಿ ಇಟ್ಟು, ಉಡುಗೊರೆ ಎಂದು ಹೇಳಿ, ಅದನ್ನು ಹಿಡಿದು ನಗುವ ಒಂದು ಚಿತ್ರ ತೆಗೆದುಕೊಂಡರು. ಆ ಬಾಟಲಿಯನ್ನು ಅತ್ತೆ ಜೀವಮಾನದಲ್ಲಿ ಮೊದಲು ನೋಡಿದ್ದು ಆಗ.

ಟೀವಿಯಲ್ಲಿ ಬಂದಾಗ ಅದು ತಾಯಂದಿರ ಬದುಕಾಗಿರಲಿಲ್ಲ. ಮೊದಲು ಕಪ್ಪು ಬಿಳುಪಿನ ಅತ್ತೆ ನರಳಿದಳು. ನಡುವೆ ಬಾಟಲಿ ಒಂದು ಸುತ್ತು ತಿರುಗಿತು. ಆಮೇಲೆ ಬಣ್ಣದ ಅತ್ತೆ ಬಿರಬಿರನೆ ನಡೆದು ಬಂದು "ಈಗ ವಾಸಿ ಕಣಪ್ಪ" ಎಂದಳು. ನಮ್ಮ ಸ್ಟಾಫ್ ರೂಮಿನಲ್ಲೂ ಯಾರೋ ನೋಡಿ ಬಂದು ಕೇಳಿದಾಗ, ನಮ್ಮತ್ತೆಯೇ ಎಂದು ಬೀಗಿದೆ.

ಕೊಪ್ಪದಲ್ಲಿ ಅವಳ ಬೀದಿಯವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಅತ್ತೆ ಮಾತು ಕೊಟ್ಟು ತಪ್ಪಿದವಳಲ್ಲ. ಅವಳು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಅರ್ಧ ಬೀದಿ ಫೋನು ಮಾಡಿ ಎಣ್ಣೆ ತರಿಸಿತ್ತು. ನಾನು ಹೋದಾಗ ಬೀದಿಗೆ ಬೀದಿಯೇ ಕರ್ಪೂರದ ವಾಸನೆ ಹೊಡೆಯುತ್ತಿತ್ತು. ಅತ್ತೆ ಹಾಲಿನ ಡೈರಿಯಿಂದ ಕ್ಯಾನು ಹಿಡಿದು ನೆಟ್ಟಗೆ ನಡೆದು ಬಂದಳು. ನನಗೆ ಆಶ್ಚರ್ಯವಾಯಿತು. ಹೊಸಿಲು ದಾಟಿದವಳೇ ಕ್ಯಾನನ್ನು ಸೊಸೆಯ ಕೈಗೆ ಕೊಟ್ಟು, ಗೋಡೆ ಹಿಡಿದು ಜಾರಿ ಕುಳಿತಳು. ಮುಖವೆಲ್ಲ ಬೆವರು.

"ಇದೇನತ್ತೆ?" ಎಂದೆ.

"ಬಾಗ್ಲು ಎಳ್ಕಳವ್ವ ಮೊದ್ಲು" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ನನ್ನ ಮೊಕ ನೋಡಿ ತರ್ಸವ್ರೆ ಕಣಮ್ಮಿ. ಈಗ ಸುಳ್ಳು ಅಂದ್ರೆ ನಾನೇ ಕಾಸು ಈಸ್ಕಂಡು ಅಂದೆ ಅನ್ಕತಾರೆ. ಅದ್ಕೆ ದಿನಾ ಉಜ್ತಾ ಇವ್ನಿ. ವಾಸಿ ಆಗ್ಬುಟ್ರೆ ನಾ ಅಂದಿದ್ದೂ ನಿಜ ಆಯ್ತದಲ್ವಾ?"

ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಅವಳು ತನ್ನ ನೋವಿಗಾಗಿ ಎಣ್ಣೆ ಹಚ್ಚುತ್ತಿರಲಿಲ್ಲ, ತಾನು ಆಡಿದ ಮಾತಿಗೆ ಹಚ್ಚುತ್ತಿದ್ದಳು. ಮಂಡ್ಯಕ್ಕೆ ಬಾ, ಡಾಕ್ಟರಿಗೆ ತೋರಿಸೋಣ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅದೇ ಬಸ್ಸಿನಲ್ಲಿ ಊರಿನವರಿರುತ್ತಾರೆ, ಕೇಳಿದರೆ ಏನು ಹೇಳುವುದು ಎಂಬುದು ಅವಳ ಚಿಂತೆ. ಬೀದಿಯ ಉಳಿದವರ ಕಥೆ ಇನ್ನೂ ವಿಚಿತ್ರವಾಗಿತ್ತು. ಎಣ್ಣೆ ಯಾರಿಗೂ ಹಿಡಿದಿರಲಿಲ್ಲ. ಆದರೆ ಜಯಮ್ಮನಿಗೆ ವಾಸಿಯಾದದ್ದು ತಮಗೆ ಆಗಲಿಲ್ಲವೆಂದರೆ ದೋಷ ತಮ್ಮ ಮೈಯದೇ ಎಂದುಕೊಂಡು, ಅವರೂ ಬೀದಿಯಲ್ಲಿ ನೆಟ್ಟಗೆ ನಡೆಯುತ್ತಿದ್ದರು. ಒಬ್ಬರನ್ನೊಬ್ಬರು ಕೇಳಿದರೆ "ವಾಸಿ, ವಾಸಿ" ಎನ್ನುತ್ತಿದ್ದರು.

ಅತ್ತೆಯ ಪಕ್ಕದ ಮನೆ ಸಣ್ಣತಾಯಮ್ಮನದು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಎರಡು ಮನೆಗೂ ಒಂದೇ ಗೋಡೆ, ಈ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನುತ್ತಾರೆ. ಸಣ್ಣತಾಯಮ್ಮನ ಎಡಮಂಡಿ ಕೆಲವು ದಿನದಿಂದ ಊದಿಕೊಂಡು ಬಿಸಿಯಾಗಿತ್ತು. ಮಗನ ಜೊತೆ ಮಂಡ್ಯದ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯವೂ ಆಗಿತ್ತು. ಅಷ್ಟರಲ್ಲಿ ಟೀವಿಯಲ್ಲಿ ಅತ್ತೆ ನಡೆದಳು. ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು. ನಾನು ಹೋಗಿದ್ದ ಆ ದಿನ ಜಗಲಿಯ ಮೇಲೆ ಎಣ್ಣೆ ಉಜ್ಜಿಕೊಳ್ಳುತ್ತಾ ಕೂತಿದ್ದ ಅವಳನ್ನು ನಾನೂ ಕಂಡೆ. "ಜಯಂಗೇ ವಾಸಿ ಆಗದೆ, ನಂಗಾಗ್ದಾ?" ಎಂದಳು. ನನ್ನ ಹಿಂದೆ ನಿಂತಿದ್ದ ಅತ್ತೆ, "ಊತ ಜಾಸ್ತಿ ಅದೆ, ಒಂದ್ಸಲ ತೋರ್ಸ್ಬುಡೆ" ಎಂದು ಮೆಲ್ಲಗೆ ಹೇಳಿದಳು. "ನೀನು ತೋರ್ಸಿದ್ಯಾ?" ಎಂದು ಸಣ್ಣತಾಯಮ್ಮ ಕೇಳಿದಳು. ಅತ್ತೆ ನೆಟ್ಟಗೆ ನಡೆದು ಒಳಗೆ ಹೋದಳು.

ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಸಣ್ಣತಾಯಮ್ಮ ಕೊಟ್ಟಿಗೆಯ ಹತ್ತಿರ ಬಿದ್ದಳು. ಮಂಡ್ಯಕ್ಕೆ ಕರೆದೊಯ್ದರು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಮಂಡಿಯ ಹತ್ತಿರ ಮೂಳೆಯೊಳಗೆ ಗೆಡ್ಡೆ ಬೆಳೆದಿತ್ತಂತೆ. ಮೊದಲೇ ಬಂದಿದ್ದರೆ ಕಾಲು ಉಳಿಸಬಹುದಿತ್ತೇನೋ ಎಂದರಂತೆ ಡಾಕ್ಟರು. ತೊಡೆಯ ಮಟ್ಟದಲ್ಲಿ ಕಾಲು ತೆಗೆದರು.

ನಾನು ಕೋಪದಿಂದ ಕುದಿಯುತ್ತಾ ಟೀವಿಯ ನಂಬರಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಹೆಣ್ಣುಮಗಳೊಬ್ಬಳು ಸಿಕ್ಕಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಎದುರಿಗೆ ಬರೆದಿಟ್ಟದ್ದನ್ನು ಓದುವವಳ ದನಿಯಲ್ಲಿ, "ಇನ್ನೊಂದು ಮಂಡಿಯಲ್ಲಿ ನೋವಿದೆಯಾ ಮೇಡಂ? ಈಗ ತಗೊಂಡರೆ ಒಂದಕ್ಕೊಂದು ಉಚಿತ" ಎಂದಳು. ನಾನು ಫೋನು ಇಟ್ಟೆ. ಗ್ರಾಹಕರ ಹಕ್ಕುಗಳು ಎಂಬ ಪಾಠದಲ್ಲಿ ಹೇಳಿದ ಹಾಗೆ ದೂರು ಬರೆದು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಜಾಹೀರಾತು ಮಾತ್ರ ದಿನಾ ಬರುತ್ತಿದೆ.

ಸಣ್ಣತಾಯಮ್ಮನನ್ನು ಊರಿಗೆ ಕರೆತಂದ ದಿನ ನಾನೂ ಕೊಪ್ಪಕ್ಕೆ ಹೋಗಿದ್ದೆ. ಬೆಳಗಿನ ಹೊತ್ತು, ಬೀದಿಯ ಹೆಂಗಸರೆಲ್ಲ ಜಗಲಿಗಳ ಮೇಲಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಹೊಸಿಲು ದಾಟಿದ ಮೇಲೂ ಅವಳ ಕೈ ಗೋಡೆ ಬಿಡಲಿಲ್ಲ. ಅಷ್ಟು ದಿನ ಹಿಡಿದಿಟ್ಟಿದ್ದ ಕುಂಟನ್ನೆಲ್ಲ ಅವಳು ಅವತ್ತು ಬಿಟ್ಟುಬಿಟ್ಟಳು. ಒಂದೊಂದು ಹೆಜ್ಜೆಗೂ "ಅಯ್ಯಪ್ಪಾ" ಎನ್ನುತ್ತಾ, ಎಲ್ಲರೂ ನೋಡುತ್ತಿರುವಂತೆಯೇ, ಪಕ್ಕದ ಬಾಗಿಲಿಗೆ ಹೋದಳು. ನಾನು ತೋಳು ಹಿಡಿಯಲು ಹೋದರೆ ಕೊಡವಿದಳು.

ಮಂಚದ ಪಕ್ಕ ನೆಲದ ಮೇಲೆ ಕೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ನಂಗೆ ವಾಸಿ ಆಗಿರ್ನಿಲ್ಲ ಕಣೆ ಸಣ್ಣತಾಯಿ. ಒಂದಿನಾನೂ ಆಗಿರ್ನಿಲ್ಲ."

ಸಣ್ಣತಾಯಮ್ಮ ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಗೊತ್ತಿತ್ತು ಕಣೆ. ನಡುವೆ ಇರಾದು ಒಂದೇ ಗ್ವಾಡೆ. ನೀನು ಎದ್ದಾಗ್ಲೂ ಕೂತಾಗ್ಲೂ ಅಯ್ಯಪ್ಪಾ ಅನ್ನಾದು ಕೇಳ್ತಿತ್ತು."

"ಮತ್ಯಾಕೆ ಸುಮ್ಕಿದ್ದೆ?"

"ಟೀವೀಲಿ ಅಷ್ಟು ಚೆನ್ನಾಗಿ ನಡೀತಿದ್ದೆ. ಕೇಳಿಸ್ತಿರಾದೇ ಸುಳ್ಳೇನೋ ಅನ್ಕಂಡೆ."

ಅತ್ತೆ ಅವಳ ಹೊದಿಕೆಗೆ ಮುಖವಿಟ್ಟು ಅತ್ತಳು. ಸಣ್ಣತಾಯಮ್ಮ ಅಳಲಿಲ್ಲ, ಅತ್ತೆಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅದು ಕ್ಷಮೆಯೋ, ಆಸರೆಗೆ ಇಟ್ಟ ಕೈಯೋ ನನಗೆ ಇನ್ನೂ ತಿಳಿದಿಲ್ಲ.

ಈಗ ಅತ್ತೆ ಮಂಡ್ಯದ ಡಾಕ್ಟರಿಗೆ ತೋರಿಸುತ್ತಿದ್ದಾಳೆ. ಸವೆದದ್ದು ತಿರುಗಿ ಬರುವುದಿಲ್ಲ, ಇಷ್ಟು ದಿನ ನೆಟ್ಟಗೆ ನಡೆದು ಇನ್ನಷ್ಟು ಕೆಡಿಸಿಕೊಂಡಿದ್ದೀರಿ ಎಂದಿದ್ದಾರಂತೆ. ಬೀದಿಯಲ್ಲಿ ಕರ್ಪೂರದ ವಾಸನೆ ಹೋಗಿದೆ. ಆದರೆ ನನಗೊಂದು ಹೊಸ ಫಜೀತಿ ಶುರುವಾಗಿದೆ. ಆ ಬೀದಿಯಲ್ಲಿ ಈಗ ಬಾಯಿಮಾತಿಗೆ "ಹೇಗಿದ್ದೀರಿ?" ಎಂದು ಕೇಳುವಂತಿಲ್ಲ. ಕೇಳಿದರೆ ಹೇಳುತ್ತಾರೆ. ಒಬ್ಬಳು ಸೊಂಟದಿಂದ ಶುರುಮಾಡಿ ಹಿಮ್ಮಡಿಯವರೆಗೆ ಬರುತ್ತಾಳೆ. ಇನ್ನೊಬ್ಬಳು ಸೆರಗು ಸರಿಸಿ ಬೆನ್ನು ತೋರಿಸುತ್ತಾಳೆ. ಬಸ್ ಸ್ಟಾಪಿನಿಂದ ಅತ್ತೆಯ ಮನೆ ತಲುಪುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ.

ಮೊನ್ನೆ ಹೋದಾಗ ಸಣ್ಣತಾಯಮ್ಮ ಜಗಲಿಗೆ ಹಾಕಿದ್ದ ಮಂಚದ ಮೇಲಿನಿಂದಲೇ ನನ್ನನ್ನು ಕೂಗಿದಳು. "ಬಾರವ್ವ. ನೀನೆಂಗಿದ್ದೀಯೆ?" ನನ್ನ ಬಾಯಿ ತನ್ನ ಹಳೆಯ ಉತ್ತರ ಹಿಡಿದು ತಯಾರಾಗಿತ್ತು. ಒಳಗೆ ಟೀವಿಯಲ್ಲಿ ಅತ್ತೆ ಆಗಷ್ಟೇ ಬೇವಿನ ಮರದಿಂದ ಬಿರಬಿರನೆ ನಡೆದು ಬರುತ್ತಿದ್ದಳು. ನಾನು ಜಗಲಿಯ ಮೇಲೆ ಚೀಲ ಇಟ್ಟೆ, ಅವಳ ಮಂಚದ ಅಂಚಿನಲ್ಲಿ ಕೂತೆ.

"ಬೆನ್ನು ನೋಯ್ತದೆ ಸಣ್ಣತಾಯಮ್ಮ" ಎಂದೆ. "ತುಂಬಾ ದಿನದಿಂದ."

"ಎಲ್ಲಿ, ಇತ್ತಗೆ ತಿರುಗು" ಎಂದಳು.